ಹಳೆಯ ರೋಡ್‌ಕಿಂಗ್ ಕೊಳ್ಳುವ ಮುನ್ನ

ಮೈಸೂರು: ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದೀಚೆಗೆ ಎರಡು ಸ್ಟ್ರೋಕಿನ ಯೆಜ್ಡಿ ರೋಡ್‌ಕಿಂಗ್ ಹೊಸದಾಗಿ ಯಾರ ಕೈಗೂ ಬಂದಿಲ್ಲ. ಇಂದು ಮಾರಾಟಕ್ಕೆ ನಿಲ್ಲುವ ಪ್ರತಿಯೊಂದು ರೋಡ್‌ಕಿಂಗ್ ಕೂಡ ಹತ್ತಿರ ಹತ್ತಿರ ಮೂರು ದಶಕ, ಇಲ್ಲವೇ ಅದಕ್ಕೂ ಹೆಚ್ಚು ಕಾಲ ಓಡಿದ ಗಾಡಿ. ಆದರೂ ಆಸೆ ತಗ್ಗಿಲ್ಲ. ತಂದೆ ಮಾರಿಬಿಟ್ಟ ಗಾಡಿಯನ್ನು ಮಗ ಹುಡುಕಿಕೊಂಡು ಬರುತ್ತಾನೆ. ಕಾಲೇಜಿನ ದಿನಗಳಲ್ಲಿ ಸ್ನೇಹಿತನ ಹಿಂದೆ ಕುಳಿತು ಕಾಳಿದಾಸ ರಸ್ತೆ ಸುತ್ತಿದವರು ನಿವೃತ್ತಿಯ ಹೊಸ್ತಿಲಲ್ಲಿ ‘ನನ್ನದೂ ಒಂದು ಇರಲಿ’ ಎನ್ನುತ್ತಾರೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನವರು ‘ಮೈಸೂರು ಗಾಡಿ ಮೈಸೂರಿನಲ್ಲೇ ಚೆನ್ನಾಗಿರುತ್ತದೆ’ ಎಂದು ನಂಬಿ ಇಲ್ಲಿಗೆ ಬರುವುದೂ ಉಂಟು.

ಹೊಸ ಬಣ್ಣ ಬಳಿದು, ಕ್ರೋಮ್ ಮಾಡಿಸಿ, ಸೀಟು ಹೊದಿಸಿ ನಿಲ್ಲಿಸಿದ ಗಾಡಿಗೆ ಲಕ್ಷ ರೂಪಾಯಿ ಮೀರಿದ ಬೆಲೆ ಹೇಳುವುದು ಈಗ ಸಾಮಾನ್ಯ. ಇಷ್ಟು ಹಣಕ್ಕೆ ಖಾತರಿಯುಳ್ಳ ಹೊಸ ಬೈಕೇ ಬರುತ್ತದೆ. ಹಾಗಿರುವಾಗ ಹಳೆಯದನ್ನು ಕೊಳ್ಳಬೇಕೆ ಬೇಡವೆ ಎಂಬ ತೀರ್ಮಾನ ಎರಡು ವಸ್ತುಗಳ ಮೇಲೆ ನಿಂತಿದೆ. ಒಂದು ಆರ್.ಸಿ. ಪುಸ್ತಕ, ಇನ್ನೊಂದು ಎಂಜಿನ್ನಿನ ಹೊಟ್ಟೆಯೊಳಗಿನ ಕ್ರ್ಯಾಂಕ್‌ಶಾಫ್ಟ್. ಎರಡೂ ಮಾರಾಟದ ಫೋಟೊದಲ್ಲಿ ಕಾಣುವುದಿಲ್ಲ. ಬಣ್ಣ ಕೆಟ್ಟಿದ್ದರೆ ಮತ್ತೆ ಬಳಿಸಬಹುದು, ಸೀಟು ಹರಿದಿದ್ದರೆ ಹೊಲಿಸಬಹುದು. ದಾಖಲೆ ಕೆಟ್ಟ ಗಾಡಿಯನ್ನು ಮಾತ್ರ ಯಾವ ಮೆಕ್ಯಾನಿಕ್ಕೂ ಸರಿಮಾಡಲಾರ.

ಒಂದು ಕಾಲದ ವೇಗದ ಗಾಡಿ

ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಪಾರ್ಸಿ ಇರಾನಿ ಕುಟುಂಬ 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿತು. 1961ರಲ್ಲಿ ಮೈಸೂರಿನಲ್ಲಿ ಉತ್ಪಾದನೆ ಆರಂಭವಾಯಿತು. ಅಂದು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಕಾರ್ಖಾನೆಯನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಟ್ಯಾಂಕಿನ ಮೇಲೆ ಜಾವಾ ಹೆಸರಿನ ಜಾಗಕ್ಕೆ ಯೆಜ್ಡಿ ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ ಕಾರ್ಖಾನೆ ಮುಚ್ಚುವವರೆಗೂ ತಯಾರಾಯಿತು.

248.5 ಸಿ.ಸಿ.ಯ ಒಂದೇ ಸಿಲಿಂಡರು, 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, 16 ಅಶ್ವಶಕ್ತಿ, ನಾಲ್ಕು ಗೇರು. ಸಿಲಿಂಡರು ಒಂದಾದರೂ ಹೊಗೆಕೊಳವೆ ಎರಡು. ಅಂದಿನ ರಸ್ತೆಯಲ್ಲಿ ಇದು ಸಣ್ಣ ಶಕ್ತಿಯಲ್ಲ. ಹೆಚ್ಚು ತೂಕದ ಬುಲೆಟ್ 350 ಗಾಡಿಯದ್ದು 18 ಅಶ್ವಶಕ್ತಿ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿಯ ರಾಜ್‌ದೂತ್ 350 ಬಂದಾಗ ಮಾತ್ರ ರೋಡ್‌ಕಿಂಗ್ ಹಿಂದೆ ಬಿತ್ತು. ಎರಡು ಸಿಲಿಂಡರಿನ ಆ ಗಾಡಿಯ ಹೆಚ್ಚು ಶಕ್ತಿಯ ಮಾದರಿ 30.5 ಅಶ್ವಶಕ್ತಿ ಕೊಡುತ್ತಿತ್ತು. ಆದರೆ ಅದು ಕೆಲವೇ ವರ್ಷ ಬಾಳಿತು. 1985ರಲ್ಲಿ ಹೀರೊ ಹೊಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100 ಬಂದ ಮೇಲೆ ಲೆಕ್ಕಾಚಾರವೇ ಬದಲಾಯಿತು. ಲೀಟರಿಗೆ 25-30 ಕಿ.ಮೀ. ಕೊಡುವ ಗಾಡಿಯ ಮುಂದೆ ಅದರ ಎರಡು ಪಟ್ಟಿಗೂ ಮೀರಿ ಕೊಡುವ ಗಾಡಿ ನಿಂತಿತ್ತು. ಜಪಾನಿ ತಂತ್ರಜ್ಞಾನದ ಪೈಪೋಟಿ, ಬಿಗಿಯಾದ ಹೊಗೆ ನಿಯಮ, ಕಾರ್ಮಿಕ ಬಿಕ್ಕಟ್ಟು ಎಲ್ಲ ಸೇರಿ ಯಾದವಗಿರಿಯ ಸೈರನ್ ನಿಂತಿತು.

ಈ ಹಿನ್ನೆಲೆ ಕೊಳ್ಳುವವರಿಗೆ ಏಕೆ ಬೇಕೆಂದರೆ, ನೆನಪಿನಲ್ಲಿರುವ ವೇಗಕ್ಕೂ ಇಂದು ರಸ್ತೆಯಲ್ಲಿ ಸಿಗುವ ವೇಗಕ್ಕೂ ಅಂತರವಿದೆ. ಇಂದಿನ 150 ಸಿ.ಸಿ. ಬೈಕು ಶಕ್ತಿಯಲ್ಲಿ ರೋಡ್‌ಕಿಂಗಿನ ಸಮೀಪಕ್ಕೆ ಬರುತ್ತದೆ, 200 ಸಿ.ಸಿ. ಬೈಕು ಸಲೀಸಾಗಿ ದಾಟಿಹೋಗುತ್ತದೆ. ಬ್ರೇಕಿನಲ್ಲಂತೂ ಹೋಲಿಕೆಯೇ ಇಲ್ಲ. ರೋಡ್‌ಕಿಂಗಿಗೆ ಮುಂದೆಯೂ ಹಿಂದೆಯೂ ಡ್ರಮ್ ಬ್ರೇಕು. ಹಳೆಯ ಗಾಡಿಗಳಲ್ಲಿ 6 ವೋಲ್ಟಿನ ದೀಪ. ಎಂಜಿನ್ ನಿಧಾನವಾದಾಗ ಅದೂ ಮಂಕಾಗುತ್ತದೆ. ದಿನವೂ ಕಚೇರಿಗೆ ಹೋಗಿಬರಲು, ಮಗಳನ್ನು ಟ್ಯೂಷನ್ನಿಗೆ ಬಿಡಲು ಒಂದೇ ಗಾಡಿ ಸಾಕೆನ್ನುವವರು ರೋಡ್‌ಕಿಂಗ್ ನೋಡಲು ಹೋಗದಿರುವುದೇ ಒಳಿತು. ಮನೆಯಲ್ಲಿ ಇನ್ನೊಂದು ವಾಹನ, ನೆರಳಿನ ಒಂದು ಜಾಗ, ಭಾನುವಾರದ ಬಿಡುವು, ಇಷ್ಟಿದ್ದವರು ಮುಂದೆ ಓದಬಹುದು.

ಮೊದಲು ಕಾಗದ, ಆಮೇಲೆ ಕಿಕ್

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ಪ್ರತಿ ಐದು ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು, ತಪಾಸಣೆ ಮಾಡಿಸಿ ನವೀಕರಿಸಬೇಕು. ಅದಕ್ಕೆ 25ನೇ ನಮೂನೆಯ ಅರ್ಜಿ. ಈ ಲೆಕ್ಕದಲ್ಲಿ 1985ರ ರೋಡ್‌ಕಿಂಗ್ 2000ದಿಂದ ಈಚೆಗೆ ಹಲವು ಸಲ ನವೀಕರಣಗೊಂಡಿರಬೇಕು. ಎಷ್ಟೋ ಗಾಡಿಗಳು ಒಂದು ಸಲವೂ ಆಗಿರುವುದಿಲ್ಲ. ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷ ನಿಂತು, ಈಗ ಬೆಲೆ ಬಂದಿತೆಂದು ಹೊರಬಂದ ಗಾಡಿಗಳವು. ‘ಪೇಪರ್ ಎಲ್ಲ ಸರಿಯಿದೆ, ರಿನ್ಯೂವಲ್ ಮಾತ್ರ ಬಾಕಿ’ ಎಂದು ಮಾರುವವರು ಹೇಳಿದರೆ, ಆ ‘ಮಾತ್ರ’ ಎಷ್ಟು ದೊಡ್ಡದೆಂದು ಕೊಳ್ಳುವವರು ತಿಳಿಯಬೇಕು.

ಕೇಂದ್ರ ಸಾರಿಗೆ ಸಚಿವಾಲಯದ ತಿದ್ದುಪಡಿಯಂತೆ 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದವುಗಳಿಗೆ ಇದನ್ನು 2,000 ರೂಪಾಯಿ ಮಾಡಲಾಯಿತು. ರೋಡ್‌ಕಿಂಗ್‌ಗಳೆಲ್ಲ ಈ ಎರಡನೆಯ ಗುಂಪಿನವೇ. ಶುಲ್ಕವೇನೂ ಭಾರವಲ್ಲ. ಭಾರವಾಗುವುದು ವಿಳಂಬ. ನವೀಕರಣಕ್ಕೆ ತಡಮಾಡಿದ ಪ್ರತಿ ತಿಂಗಳಿಗೂ ಮೋಟಾರ್ ಸೈಕಲ್ಲಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕಕ್ಕೆ 2021ರ ತಿದ್ದುಪಡಿ ಅವಕಾಶ ಕೊಟ್ಟಿದೆ. ವರ್ಷಕ್ಕೆ 3,600 ರೂಪಾಯಿ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ಆದ್ದರಿಂದ ಆರ್.ಸಿ.ಯ ನಕಲನ್ನು ಹಿಡಿದು ಆರ್‌ಟಿಓ ಕೌಂಟರಿನಲ್ಲಿ ಬಾಕಿ ಎಷ್ಟೆಂದು ಕೇಳಿ ತಿಳಿದ ಮೇಲೆಯೇ ಬೆಲೆ ಮಾತನಾಡಬೇಕು.

ಮೈಸೂರಿನಲ್ಲಿ ನೋಂದಣಿ ಸಂಖ್ಯೆ ಕೆಎ-09 ಅಥವಾ ಕೆಎ-55 ಎಂದು ಆರಂಭವಾಗುತ್ತದೆ. ಮೊದಲನೆಯದು ಪಶ್ಚಿಮ ಕಚೇರಿ, ಎರಡನೆಯದು ಪೂರ್ವ. ಈ ‘ಕೆಎ’ ಪದ್ಧತಿ ಬಂದದ್ದು 1989ರಲ್ಲಿ. ಅದಕ್ಕೂ ಹಿಂದಿನ ಗಾಡಿಗಳ ಫಲಕದಲ್ಲಿ ಮೂರು ಇಂಗ್ಲಿಷ್ ಅಕ್ಷರ, ಅದರ ಮುಂದೆ ಅಂಕೆಗಳು. ಅಭಿಮಾನಿಗಳು ಈ ಹಳೆಯ ಸಂಖ್ಯೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಕಷ್ಟವೂ ಅಲ್ಲೇ ಇದೆ. ಆ ಕಾಲದ ನೋಂದಣಿ ಕೈಬರಹದ ಪುಸ್ತಕದಲ್ಲಿತ್ತು. ಅದು ಇಂದಿನ ವಾಹನ್ ದತ್ತಾಂಶಕ್ಕೆ ಸೇರಿರದಿದ್ದರೆ ಹೆಸರು ಬದಲಾವಣೆ, ನವೀಕರಣ ಯಾವುದೂ ಮುಂದೆ ಸಾಗದು. ಮೂಲ ಕಚೇರಿಯಲ್ಲಿ ಹಳೆಯ ಕಡತ ತೆಗೆಸಿ ಕಂಪ್ಯೂಟರಿಗೆ ಏರಿಸಬೇಕು. ಗಾಡಿಯ ಸಂಖ್ಯೆಯನ್ನು ವಾಹನ್ ಜಾಲತಾಣದಲ್ಲಿ ಹಾಕಿ ನೋಡುವುದು ಎರಡು ನಿಮಿಷದ ಕೆಲಸ. ವಿವರ ಬಂದರೆ ಅರ್ಧ ಚಿಂತೆ ಕಳೆಯಿತು. ಬಾರದಿದ್ದರೆ, ದಾಖಲೆ ಏರಿಸಿಕೊಡುವ ಹೊಣೆ ಮಾರುವವರದ್ದೇ ಎಂದು ಮೊದಲೇ ಮಾತಾಗಬೇಕು.

ಮುಂದಿನದು ಅಂಕಿಗಳ ತಾಳೆ. ಚಾಸಿ ಸಂಖ್ಯೆ ಹ್ಯಾಂಡಲ್ ಹಿಡಿದಿರುವ ಫ್ರೇಮಿನ ಕೊರಳ ಬಳಿ ಇರುತ್ತದೆ, ಎಂಜಿನ್ ಸಂಖ್ಯೆ ಕ್ರ್ಯಾಂಕ್‌ಕೇಸಿನ ಮೇಲೆ. ಎರಡೂ ಆರ್.ಸಿ.ಯೊಂದಿಗೆ ಅಕ್ಷರಶಃ ಹೊಂದಬೇಕು. ಮೂವತ್ತು-ನಲವತ್ತು ವರ್ಷಗಳಲ್ಲಿ ಎಂಜಿನ್ ಒಡೆದು ಬೇರೆ ಗಾಡಿಯದನ್ನು ಕೂರಿಸಿರುವುದು ಅಪರೂಪವಲ್ಲ. ಆಗ ಅದು ದಾಖಲೆಗೂ ಸೇರಿರಬೇಕಿತ್ತು, ಬಹುಮಂದಿ ಸೇರಿಸಿರುವುದಿಲ್ಲ. ಇದಕ್ಕಿಂತ ಅಪಾಯಕಾರಿ ಎಂದರೆ ಸಂಖ್ಯೆಯನ್ನೇ ಉಜ್ಜಿ ಹೊಸದಾಗಿ ಹೊಡೆದಿರುವುದು. ಬಣ್ಣದ ಪದರ ಅಲ್ಲಿ ಮಾತ್ರ ದಪ್ಪವಾಗಿದ್ದರೆ, ಅಂಕೆಗಳು ಓರೆಕೋರೆಯಾಗಿದ್ದರೆ, ಅರದ ಗುರುತು ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ಗುಜರಿಗೆ ಹೋದ ಗಾಡಿಯ ಕಾಗದ, ಎಲ್ಲಿಂದಲೋ ಬಂದ ಚಾಸಿ, ಈ ಜೋಡಿಯನ್ನು ಕೊಂಡವರು ಹಣವನ್ನಷ್ಟೇ ಅಲ್ಲ, ಠಾಣೆಯ ಮೆಟ್ಟಿಲನ್ನೂ ಕೊಂಡಂತೆ.

ಮಾರುವವರ ಹೆಸರು ಆರ್.ಸಿ.ಯಲ್ಲಿರುವ ಹೆಸರೇ ಆಗಿರಬೇಕು. ಹಳೆಯ ಗಾಡಿಗಳಲ್ಲಿ ಮೊದಲ ಮಾಲೀಕರು ಸಹಿ ಹಾಕಿದ 29 ಮತ್ತು 30ನೇ ನಮೂನೆಗಳು ಖಾಲಿಯಾಗಿಯೇ ನಾಲ್ಕೈದು ಕೈ ದಾಟಿರುತ್ತವೆ. ಅವರೀಗ ಬದುಕಿದ್ದಾರೋ ಇಲ್ಲವೋ ಯಾರಿಗೂ ತಿಳಿದಿರುವುದಿಲ್ಲ. ತೀರಿಕೊಂಡಿದ್ದರೆ ವಾರಸುದಾರರು 31ನೇ ನಮೂನೆಯಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಬೇಕು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ಇದನ್ನು ಕಡೆಗಣಿಸಿದರೆ ಮಾರಿದವರಿಗೇ ಹೆಚ್ಚು ಅಪಾಯ. ಹೆಸರು ಬದಲಾಗದ ಗಾಡಿ ಅಪಘಾತಕ್ಕೆ ಸಿಕ್ಕರೆ, ಅದು ಎಷ್ಟು ಕೈ ದಾಟಿದ್ದರೂ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಳೆಯ ಯೆಜ್ಡಿಯನ್ನು ಸಹಿ ಹಾಕಿದ ಕಾಗದದೊಂದಿಗೆ ಕೊಟ್ಟು ಮರೆತ ಮೈಸೂರಿನ ಹಿರಿಯರು ಒಮ್ಮೆ ವಾಹನ್ ಜಾಲತಾಣದಲ್ಲಿ ನೋಡಿಕೊಳ್ಳುವುದು ಕ್ಷೇಮ.

ಕೇರಳ, ತಮಿಳುನಾಡಿನಿಂದ ಅಗ್ಗವಾಗಿ ಸಿಕ್ಕಿತೆಂದು ತಂದ ಗಾಡಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಮತ್ತು ತೆರಿಗೆ ಆಗಬೇಕು. ಬೇರೆ ರಾಜ್ಯದ ಫಲಕದಲ್ಲೇ ವರ್ಷಗಟ್ಟಲೆ ಓಡಿಸುವವರ ಮೇಲೆ ಸಾರಿಗೆ ಇಲಾಖೆ ಕಣ್ಣಿಟ್ಟಿದೆ. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರು ದಂಡವೂ ಸೇರಿ 1.41 ಕೋಟಿ ರೂಪಾಯಿ ತೆರಿಗೆ ಕಟ್ಟಿದ್ದು ಸುದ್ದಿಯಾಗಿತ್ತು. ರೋಡ್‌ಕಿಂಗಿಗೆ ಬೀಳುವುದು ಅದರ ಮುಂದೆ ಪುಡಿಗಾಸು. ನಿಯಮ ಮಾತ್ರ ಒಂದೇ.

ಎಂಜಿನ್ ತಣ್ಣಗಿರುವಾಗಲೇ ಹೋಗಿ

ಗಾಡಿ ನೋಡಲು ಬೆಳಿಗ್ಗೆ ಹೋಗುವುದು ಒಳ್ಳೆಯದು. ‘ನಾನು ಬರುವ ಮುನ್ನ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿರಬೇಕು. ಹೋದೊಡನೆ ಸಿಲಿಂಡರಿನ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ ಭಾವಿಸಬಹುದು; ಎರಡು ಸ್ಟ್ರೋಕಿನ ಎಂಜಿನ್ನಿನ ನಿಜವಾದ ಆರೋಗ್ಯ ಗೊತ್ತಾಗುವುದು ತಣ್ಣಗಿನ ಕಿಕ್ಕಿನಲ್ಲಿ.

ಜಾವಾ, ಯೆಜ್ಡಿಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಇಳಿಸಿದರೆ ಗೇರು. ಗೇರ್ ಲಿವರನ್ನು ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡೂ ಇದೆ. ಲಿವರ್ ಸಡಿಲವಾಗಿ ಅಲ್ಲಾಡುತ್ತಿದ್ದರೆ, ಕಿಕ್ ಹೊಡೆದ ಮೇಲೆ ಹಿಂದಕ್ಕೆ ಬಾರದಿದ್ದರೆ, ಒಳಗಿನ ಹಲ್ಲು ಜಾರಿದ ಸದ್ದು ಬಂದರೆ ಆ ಭಾಗಕ್ಕೆ ಎಂಜಿನ್ ಬಿಚ್ಚುವ ಖರ್ಚು ಕಾದಿದೆ. ಸ್ವಿಚ್ ಹಾಕದೆಯೇ ಕಾಲಿನಿಂದ ನಿಧಾನವಾಗಿ ಒತ್ತಿದಾಗ ಒಂದು ಹಂತದಲ್ಲಿ ಗಟ್ಟಿಯಾದ ತಡೆ ಸಿಗಬೇಕು. ಆ ತಡೆಯೇ ಕಂಪ್ರೆಷನ್. ಮೆತ್ತಗೆ ಕೆಳಗಿಳಿದರೆ ಪಿಸ್ಟನ್ ರಿಂಗು, ಬೋರು ಸವೆದಿವೆ.

ಬೋರು ಸವೆದಿರುವುದು ದೊಡ್ಡ ಸಂಗತಿಯಲ್ಲ. ಲೇತ್ ಅಂಗಡಿಯಲ್ಲಿ ಬೋರು ಕೊರೆಸಿ, ಕಾಲು ಮಿಲಿಮೀಟರಿನ ಹೆಜ್ಜೆಯಲ್ಲಿ ಒಂದೊಂದು ಗಾತ್ರ ದೊಡ್ಡ ಪಿಸ್ಟನ್ ಹಾಕುತ್ತಾ ಹೋಗಬಹುದು. ಹಾಗೆ ಎಷ್ಟು ಸಲ ಹೋಗಿದೆ ಎಂಬುದೇ ಪ್ರಶ್ನೆ. ಪಿಸ್ಟನ್ನಿನ ತಲೆಯ ಮೇಲೆ ಅದರ ಗಾತ್ರ ಅಚ್ಚಾಗಿರುತ್ತದೆ. ಈ ಎಂಜಿನ್ನಿನ ಹೆಡ್ ಬಿಚ್ಚಲು ತೆಗೆಯಬೇಕಾದದ್ದು ಕೆಲವೇ ನಟ್ಟುಗಳು. ಒಳಗೆ ವಾಲ್ವು, ಕ್ಯಾಮು ಯಾವುದೂ ಇಲ್ಲ. ಮಾರುವವರು ಒಪ್ಪಿದರೆ ಜತೆಗೆ ಬಂದ ಮೆಕ್ಯಾನಿಕ್ ಚಹಾ ಆರುವುದರೊಳಗೆ ತೋರಿಸಿಬಿಡುತ್ತಾರೆ. ಕೊನೆಯ ಗಾತ್ರ ತಲುಪಿದ್ದರೆ ಮುಂದಿನ ಸಲ ಸ್ಲೀವ್ ಹಾಕಿಸಬೇಕು. ಅದಕ್ಕೆ ತಕ್ಕಂತೆ ಬೆಲೆ ಇಳಿಯಬೇಕು, ಅಷ್ಟೆ.

ಹಣ ನುಂಗುವುದು ಕೆಳಗಿನ ಭಾಗ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿನೊಳಕ್ಕೆ ಬಂದು, ಅಲ್ಲಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಅದಕ್ಕಾಗಿ ಆ ಪೆಟ್ಟಿಗೆ ಗಾಳಿ ಸೋರದಂತಿರಬೇಕು. ಕ್ರ್ಯಾಂಕಿನ ಎರಡೂ ತುದಿಗಳಲ್ಲಿರುವ ರಬ್ಬರ್ ಆಯಿಲ್ ಸೀಲುಗಳು ಈ ಕೆಲಸ ಮಾಡುತ್ತವೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇವು ಒಣಗಿ ಗಡುಸಾಗಿರುತ್ತವೆ. ಎಡಗಡೆಯ, ಅಂದರೆ ಕ್ಲಚ್ಚಿನ ಬದಿಯ ಸೀಲು ಹೋದರೆ ಎಂಜಿನ್ ಗೇರ್ ಎಣ್ಣೆಯನ್ನು ಹೀರಿಕೊಂಡು ಸುಡುತ್ತದೆ. ಸ್ಟಾರ್ಟ್ ಆದ ಮೊದಲ ನಿಮಿಷ ಎರಡೂ ಸೈಲೆನ್ಸರಿನಲ್ಲಿ ಹೊಗೆ ಬರುವುದು ಸಹಜ. ಹತ್ತು ನಿಮಿಷ ಓಡಿದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದೆ, ಗೇರ್‌ಬಾಕ್ಸಿನ ಎಣ್ಣೆ ಪದೇಪದೇ ಇಳಿಯುತ್ತಿದ್ದರೆ ಅನುಮಾನ ಇಲ್ಲಿಗೇ ಬರುತ್ತದೆ. ಬಲಗಡೆಯ ಸೀಲು ಹೋದರೆ ಹೊಗೆ ಬಾರದು, ಹೊರಗಿನ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಕ್ಷಣ ಇಳಿಯದೆ ರೊಯ್ಯನೆ ಓಡುತ್ತಲೇ ಇದ್ದರೆ ಅದೇ ಲಕ್ಷಣ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದಾಗ ಅದರೊಂದಿಗೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಓಡುತ್ತಿರುವಾಗಲೇ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಳ್ಳಬಹುದು. ಇದು ಖರ್ಚಿನ ಮಾತಲ್ಲ, ಪ್ರಾಣದ ಮಾತು.

ಸೀಲು ಅಗ್ಗ. ಆದರೆ ಎಂಜಿನ್ ಇಳಿಸಿ ತೆರೆದ ಮೇಲೆ ಬೇರಿಂಗು, ಕನೆಕ್ಟಿಂಗ್ ರಾಡು ಎಲ್ಲವನ್ನೂ ನೋಡಲೇಬೇಕಾಗುತ್ತದೆ. ಕೆಳಗಿನಿಂದ ಗುಡುಗುಡು ಎಂಬ ಸದ್ದು ಬಂದರೆ ಮೇನ್ ಬೇರಿಂಗು. ಭಾರ ಎಳೆಯುವಾಗ ಟಕಟಕ ಎಂದು ಹೊಡೆದರೆ ಕನೆಕ್ಟಿಂಗ್ ರಾಡಿನ ಕೆಳತುದಿ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ರಾಡು ಬದಲಿಸಿ, ಮತ್ತೆ ಕೂದಲೆಳೆಯಷ್ಟೂ ಓರೆಯಾಗದಂತೆ ಕೂಡಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಮೈಸೂರಿನ ಗಾಡಿಗೆ ಇರುವ ನಿಜವಾದ ಅನುಕೂಲ ಇಲ್ಲಿದೆ. ಕಾರ್ಖಾನೆಯಲ್ಲಿ ದುಡಿದು ಹೊರಬಂದವರು ಮತ್ತು ಅವರ ಕೈಕೆಳಗೆ ಪಳಗಿದವರು ಈ ವಿದ್ಯೆಯನ್ನು ನಗರದ ಗ್ಯಾರೇಜುಗಳಲ್ಲಿ ಉಳಿಸಿದರು. ಮುಚ್ಚುವಾಗ ಮೂವತ್ತರ ಹರೆಯದಲ್ಲಿದ್ದ ಕಾರ್ಮಿಕರಿಗೆ ಈಗ ಅರವತ್ತು ದಾಟಿದೆ. ಗಾಡಿ ಆರಿಸುವ ಮುನ್ನ ಮೆಕ್ಯಾನಿಕ್‌ನನ್ನು ಆರಿಸಿಕೊಳ್ಳಬೇಕು ಎಂಬ ಮಾತು ಅದಕ್ಕೇ ಹುಟ್ಟಿದ್ದು. ದೂರದ ಊರಿನವರು ತಮ್ಮೂರಲ್ಲಿ ಈ ಕೆಲಸ ಬಲ್ಲವರು ಇದ್ದಾರೆಯೇ ಎಂದು ಮೊದಲು ವಿಚಾರಿಸಲಿ.

ಬಿಡಿಭಾಗಗಳ ವಿಷಯದಲ್ಲಿ ಹೆದರಿಕೆ ಬೇಕಿಲ್ಲ. ಪಿಸ್ಟನ್, ಕೇಬಲ್, ಕ್ಲಚ್ ಪ್ಲೇಟು, ರಬ್ಬರು, ಸೈಲೆನ್ಸರು ಎಲ್ಲವನ್ನೂ ಹೊಸದಾಗಿ ತಯಾರಿಸುವವರಿದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಬಿಡಿಭಾಗದ ಅಂಗಡಿಗಳಲ್ಲೂ ಹುಡುಕಬಹುದು. ಗುಣಮಟ್ಟ ಮಾತ್ರ ಒಂದೇ ಸಮನಿಲ್ಲ. ಹಳೆಯ ಕಂಪನಿ ಮಾಲು ಎಲ್ಲಿಯಾದರೂ ಸಿಕ್ಕರೆ ಅದಕ್ಕೆ ಬೇರೆಯೇ ಬೆಲೆ.

ಶಕ್ತಿ ಹೆಚ್ಚಿಸಿದ ಎಂಜಿನ್‌ಗಳ ಬಗ್ಗೆ ಒಂದು ಮಾತು. ಮೈಸೂರಿಗೆ ಎಂಜಿನ್ ತಿದ್ದುವ ಗೀಳು ಹೊಸದಲ್ಲ. ಇಲ್ಲಿಯವರೇ ಆದ ಸೋಮೇಂದರ್ ಸಿಂಗ್ ಅವರು ಎಂಜಿನ್ ಹೆಡ್ಡಿನ ಒಳಮೈಯಲ್ಲಿ ಸೀಳು ಕೊರೆಯುವ ವಿನ್ಯಾಸಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು. ಆದರೆ ಬೀದಿ ಬದಿಯಲ್ಲಿ ಪೋರ್ಟ್ ಉಜ್ಜಿ, ಸೈಲೆನ್ಸರಿನ ಒಳಕೊಳವೆ ತೆಗೆದು ‘ರೇಸ್ ಗಾಡಿ’ ಮಾಡಿದ್ದನ್ನು ಆ ಸಾಲಿಗೆ ಸೇರಿಸಲಾಗದು. ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚಿತೆಂದಲ್ಲ. ಈ ಎಂಜಿನ್ನಿನಲ್ಲಿ ಹೊಗೆಕೊಳವೆಯ ಲೆಕ್ಕ ತಪ್ಪಿದರೆ ಕೆಳಗೇರಿನ ಎಳೆತವೇ ಹೋಗುತ್ತದೆ. ಮೊದಲ ಸಲ ಕೊಳ್ಳುವವರು ತಿದ್ದದ ಗಾಡಿಯನ್ನೇ ಹುಡುಕಲಿ.

ಉಳಿದ ಭಾಗಗಳನ್ನು ಬೇಗ ನೋಡಿ ಮುಗಿಸಬಹುದು. ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ತುಕ್ಕು ನೋಡುವುದು. ಟ್ಯಾಂಕಿನ ಹೊರಮೈಗೆ ಅಯಸ್ಕಾಂತ ಹಿಡಿಯುವುದು. ಹಿಡಿಯದ ಕಡೆ ಬಣ್ಣದಡಿ ಇರುವುದು ಪುಟ್ಟಿ. ಮುಂಚಕ್ರ, ಹಿಂಚಕ್ರ ಒಂದೇ ಗೆರೆಯಲ್ಲಿ ಓಡುತ್ತಿವೆಯೇ ಎಂದು ಬೇರೊಬ್ಬರನ್ನು ಓಡಿಸಹೇಳಿ ಹಿಂದಿನಿಂದ ಗಮನಿಸುವುದು. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿದ್ದರೆ ಗಾಡಿಯನ್ನು ನೋಡಿಕೊಂಡವರಿದ್ದರು ಎಂದರ್ಥ. ಸೋಮಾರಿಗಳು ಮೊದಲು ಕಿತ್ತೆಸೆಯುವುದು ಅದನ್ನೇ. ಕೊನೆಯ ವರ್ಷಗಳ ಗಾಡಿಗಳಿಗೆ 12 ವೋಲ್ಟ್ ಮತ್ತು ಸಿಡಿಐ ಇಗ್ನಿಷನ್ ಬಂದಿತ್ತು. ಕಾಂಟ್ಯಾಕ್ಟ್ ಪಾಯಿಂಟಿನ ಹಳೆಯ ಗಾಡಿಗಿಂತ ಅವು ಕಡಿಮೆ ಕಾಟ ಕೊಡುತ್ತವೆ. ಓಡಿಸಲು ಬೇಕೆನ್ನುವವರಿಗೆ ಅವೇ ಮೇಲು, ಪ್ರದರ್ಶನಕ್ಕೆ ಬೇಕೆನ್ನುವವರು ಹಳೆಯದರ ಹಿಂದೆ ಹೋಗಲಿ.

ಚಾಮುಂಡಿ ಬೆಟ್ಟದ ಪರೀಕ್ಷೆ

ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದರೆ ಏನೂ ತಿಳಿಯದು. ಮಾರುವವರನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿಳಿಯುವುದು ಈ ಊರಿನಲ್ಲಿ ಸಿಗುವ ಒಳ್ಳೆಯ ಪರೀಕ್ಷೆ. ಸುಮಾರು 300 ಮೀಟರ್ ಎತ್ತರ ಏರುವ ಈ ರಸ್ತೆಯಲ್ಲಿ ಎಂಜಿನ್ ಚೆನ್ನಾಗಿ ಕಾಯುತ್ತದೆ, ಇಬ್ಬರ ಭಾರ ಎಳೆಯುವಾಗ ಒಳಗಿನ ಸದ್ದುಗಳೆಲ್ಲ ಹೊರಬರುತ್ತವೆ. ಗೇರು ತಾನಾಗಿಯೇ ಕಳಚಿಕೊಳ್ಳುತ್ತದೆಯೇ, ಕ್ಲಚ್ಚು ಜಾರುತ್ತದೆಯೇ ಎಂಬುದೂ ತಿಳಿಯುತ್ತದೆ. ಮೇಲೆ ಹತ್ತು ನಿಮಿಷ ನಿಲ್ಲಿಸಿ ಬಿಸಿ ಎಂಜಿನ್ನನ್ನು ಮತ್ತೆ ಕಿಕ್ ಹೊಡೆಯಬೇಕು. ಬಿಸಿಯಲ್ಲಿ ಸ್ಟಾರ್ಟ್ ಆಗದ ಯೆಜ್ಡಿ ದೊಡ್ಡ ತಲೆನೋವು. ಇಳಿಯುವಾಗ ಡ್ರಮ್ ಬ್ರೇಕಿನ ಪರೀಕ್ಷೆ ತಾನಾಗಿಯೇ ಆಗುತ್ತದೆ. ಒಂದು ಎಚ್ಚರಿಕೆ ಇದೆ: ಎರಡು ಸ್ಟ್ರೋಕಿನ ಗಾಡಿಯಲ್ಲಿ ಎಣ್ಣೆ ಬರುವುದು ಪೆಟ್ರೋಲಿನೊಂದಿಗೆ. ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೆ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಿಗದು. ನಡುನಡುವೆ ಸ್ವಲ್ಪ ತೆರೆದು ಬಿಡುತ್ತಿರಬೇಕು. ನಾಲ್ಕು ಸ್ಟ್ರೋಕಿನ ಗಾಡಿಯಲ್ಲೇ ಬೆಳೆದ ಯುವಕರಿಗೆ ಈ ಅಭ್ಯಾಸ ಇರುವುದಿಲ್ಲ.

ಕೊಂಡ ಮೇಲಿನ ಲೆಕ್ಕ

ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರಿಗೆ 30ರಿಂದ 40 ಮಿ.ಲೀ. 2ಟಿ ಎಣ್ಣೆ ಬೆರೆಸಬೇಕು. ಶೇ 20ರಷ್ಟು ಎಥನಾಲ್ ಇರುವ ಇ-20 ಪೆಟ್ರೋಲು ಈಗ ಎಲ್ಲೆಡೆ ಬಂದಿದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳಿಗೊಮ್ಮೆ ಹೊರತೆಗೆಯುವ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟರೆ ತುಕ್ಕು, ಕಾರ್ಬುರೇಟರಿನಲ್ಲಿ ಅಂಟು. ನಿಲ್ಲಿಸುವ ಮುನ್ನ ನಲ್ಲಿ ಮುಚ್ಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸುವುದು, ಪೆಟ್ರೋಲ್ ಕೊಳವೆಯನ್ನು ಎಥನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಿಸುವುದು ಸಣ್ಣ ಖರ್ಚಿನ ದೊಡ್ಡ ಕೆಲಸ.

ಹೊಗೆ ತಪಾಸಣೆಯಲ್ಲಿ ಬಹುಮಂದಿ ಅಂಜುವಷ್ಟು ಕಷ್ಟವಿಲ್ಲ. 2000ದ ಮಾರ್ಚ್ ಅಂತ್ಯಕ್ಕೂ ಹಿಂದಿನ ದ್ವಿಚಕ್ರ ವಾಹನಗಳಿಗೆ ಇಂಗಾಲದ ಮಾನಾಕ್ಸೈಡ್ ಶೇ 4.5, ಹೈಡ್ರೊಕಾರ್ಬನ್ 9,000 ಪಿಪಿಎಂ ಮಿತಿ ಇದೆ. ಸುಸ್ಥಿತಿಯ ಎಂಜಿನ್ ಇದರೊಳಗೆ ಬರುತ್ತದೆ. ಬಾರದಿದ್ದರೆ ಅದೇ ಒಂದು ಸೂಚನೆ.

ವಿಮೆಯಲ್ಲಿ ಮೂರನೆಯವರ ಹೊಣೆಯದ್ದು ಕಡ್ಡಾಯ. 2022ರಲ್ಲಿ ಪ್ರಕಟವಾದ ದರಪಟ್ಟಿಯಲ್ಲಿ 150ರಿಂದ 350 ಸಿ.ಸಿ. ಬೈಕಿಗೆ ವರ್ಷಕ್ಕೆ 1,366 ರೂಪಾಯಿ. ಕಳವು, ಬೆಂಕಿಗೂ ಸೇರಿಸಿ ವಿಮೆ ಬೇಕೆಂದರೆ, ಐದು ವರ್ಷ ಮೀರಿದ ಮತ್ತು ತಯಾರಿ ನಿಂತ ಗಾಡಿಗಳ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳಬೇಕು. ಲಕ್ಷ ಕೊಟ್ಟು ಕೊಂಡ ಗಾಡಿಗೆ ಕಂಪನಿಯವರು ಕೆಲವೇ ಸಾವಿರ ಬರೆದರೆ, ಕಳವಾದ ದಿನ ಕೈಗೆ ಬರುವುದೂ ಅಷ್ಟೇ. ಬಿಲ್ಲುಗಳನ್ನೂ ಫೋಟೊಗಳನ್ನೂ ಇಟ್ಟುಕೊಂಡು ಈ ಮಾತು ಮೊದಲೇ ಆಡಬೇಕು.

ಬೆಂಗಳೂರಿಗೆ ಒಂದು ಗಂಟೆ ಚಿಲ್ಲರೆಯಲ್ಲಿ ಹಾರಿಹೋಗುವ ಕನಸು ಯಾರಿಗಾದರೂ ಇದ್ದರೆ, ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಮೂವತ್ತು ದಾಟಿದ ಡ್ರಮ್ ಬ್ರೇಕಿನ ಗಾಡಿಗೆ ಅದು ನಷ್ಟವೇನಲ್ಲ.

ಹೆಸರಿಗಾಗಿಯೇ ಯೆಜ್ಡಿ ಬೇಕೆನ್ನುವವರಿಗೆ ಇನ್ನೊಂದು ದಾರಿ 2022ರ ಜನವರಿಯಿಂದ ಇದೆ. ಇರಾನಿ ಕುಟುಂಬದ ಬೊಮನ್ ಇರಾನಿ ಅವರೂ ಪಾಲುದಾರರಾಗಿರುವ, ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಯೆಜ್ಡಿ ಹೆಸರಿನಲ್ಲಿ 334 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಬೈಕುಗಳನ್ನು ತಂದಿತು. ಶಕ್ತಿ ಹಳೆಯ ರೋಡ್‌ಕಿಂಗಿನ ಸುಮಾರು ಇಮ್ಮಡಿ, ಡಿಸ್ಕ್ ಬ್ರೇಕು, ಎಬಿಎಸ್ ಉಂಟು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಬುದ್ಧಿಯ ಲೆಕ್ಕದಲ್ಲಿ ಇದೇ ಸರಿ. ಆದರೆ ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಹಳೆಯ ಗಾಡಿಗಳು ಒಟ್ಟಾಗಿ ಹೊಗೆಯುಗುಳುತ್ತ ಹೊರಟಾಗ, ರಸ್ತೆ ಬದಿಯಲ್ಲಿ ನಿಂತು ನೋಡುವವರು ಆ ಲೆಕ್ಕ ಹಾಕುತ್ತಿರುವುದಿಲ್ಲ.

ಕೊಳ್ಳುವವರು ಮುಂದಿಟ್ಟುಕೊಳ್ಳಬೇಕಾದ ಇನ್ನೊಂದು ನಿಯಮವಿದೆ. 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನಕ್ಕೆಂದು ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗೆ ಅವಕಾಶವಿಲ್ಲ. 1960ರ ದಶಕದ ಜಾವಾಗಳು ಈಗಾಗಲೇ ಇದಕ್ಕೆ ಅರ್ಹ. ರೋಡ್‌ಕಿಂಗಿನಲ್ಲಿ ಮೊದಲ ವರ್ಷದವುಗಳ ಸರದಿ ಬರುವುದು 2028ರಲ್ಲಿ. ಹಿಂದಿನ ಮಡ್‌ಗಾರ್ಡ್ ಕೊಯ್ದು, ಫ್ರೇಮು ಕತ್ತರಿಸಿ, ಚಪ್ಪಟೆ ಸೀಟು ಕೂರಿಸಿ ‘ಕೆಫೆ ರೇಸರ್’ ಮಾಡಿಸಿಕೊಂಡ ಗಾಡಿಗೆ ಆ ಫಲಕ ದೊರೆಯದು.